ಜರಿದ ತಿರುವಿನ ಹಳೆಯ ಗೆರೆ

ನಮ್ಮ ಎಸ್ಟೇಟಿನ ರಸ್ತೆಗೆ ಸುಣ್ಣದ ಗೆರೆ ಎಳೆಯುವ ಕೆಲಸ ಡ್ರೈವರನದು. ಮೇಸ್ತ್ರಿಯದಲ್ಲ, ಆಳುಗಳದ್ದೂ ಅಲ್ಲ. ಬಾಳೂರಿನ ಕಡೆಯ ದೊಡ್ಡ ರಸ್ತೆ ಬಿಟ್ಟು ನಮ್ಮ ಗೇಟು ದಾಟಿದರೆ ಬಂಗಲೆಯವರೆಗೆ ಎರಡೂವರೆ ಕಿಲೋಮೀಟರ್ ಏರು, ಒಂದು ಜೀಪು ಹೋಗುವಷ್ಟೇ ಅಗಲದ ಟಾರು. ಬಂಗಲೆಯಿಂದ ಇಳಿಯುವಾಗ ಬಲಕ್ಕೆ ಗುಡ್ಡ, ಎಡಕ್ಕೆ ಹಳ್ಳ. ಮಳೆಗಾಲದಲ್ಲಿ ಮಂಜು ಇಳಿದರೆ ಬಾನೆಟ್ಟಿನ ಆಚೆ ಏನೂ ಕಾಣುವುದಿಲ್ಲ. ಅದಕ್ಕೇ ಪ್ರತಿ ಮೇ ತಿಂಗಳ ಕೊನೆಯಲ್ಲಿ ಹಳ್ಳದ ಕಡೆಯ ಅಂಚಿನಿಂದ ಒಂದು ಮೊಳ ಒಳಗೆ ಉದ್ದಕ್ಕೂ ಬಿಳಿ ಗೆರೆ ಎಳೆಯುತ್ತೇವೆ. ಕಾಂಡಕೊರಕ ಹುಳಕ್ಕೆಂದು ಕಾಫಿ ಗಿಡದ ಬುಡಕ್ಕೆ ಬಳಿಯುತ್ತಾರಲ್ಲ, ಅದೇ ಸುಣ್ಣ, ಅದಕ್ಕೆ ಬೆರೆಸುವ ಅದೇ ಅಂಟು. ಅಂಟು ಸರಿಯಾಗಿ ಕೂಡಿದರೆ ಗೆರೆ ಇಡೀ ಮಳೆಗಾಲಕ್ಕೂ ಅಳಿಯುವುದಿಲ್ಲ.

ನನಗೆ ಈ ಕೆಲಸ ಕಲಿಸಿದ ಹಳೆಯ ಡ್ರೈವರ್, ಚಕ್ರ ಎಲ್ಲಿ ಉರುಳುತ್ತದೆಂದು ಗೊತ್ತಿದ್ದವನೇ ಗೆರೆ ಎಳೆಯಬೇಕು ಎನ್ನುತ್ತಿದ್ದ. ಗೆರೆ ನಂಬಿ ಬಂದವನು ಬಿದ್ದರೆ ಎಳೆದವನನ್ನೇ ಕೇಳಬೇಕು ಎಂದೂ ಹೇಳುತ್ತಿದ್ದ. ಹತ್ತೊಂಬತ್ತು ವರ್ಷ ಗೆರೆ ಎಳೆದಿದ್ದೇನೆ, ಯಾರೂ ಬಿದ್ದಿರಲಿಲ್ಲ. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಈ ವರ್ಷ ಪುಷ್ಯ ಮಳೆ ಹೊಡೆದ ಹೊಡೆತಕ್ಕೆ ನಾಲ್ಕನೆಯ ತಿರುವಿನಲ್ಲಿ ರಸ್ತೆಯ ಹೊರ ಅಂಚು ಇಪ್ಪತ್ತು ಅಡಿ ಉದ್ದಕ್ಕೆ ಜರಿದು ಹಳ್ಳ ಸೇರಿತು. ಜೆಸಿಬಿ ತರಿಸಿ ಬಲಗಡೆಯ ಗುಡ್ಡ ಕಡಿದು, ಜಲ್ಲಿ ಹಾಕಿ, ರಸ್ತೆಯನ್ನು ಒಳಕ್ಕೆ ಸರಿಸಿದರು. ಸೆಪ್ಟೆಂಬರಿನಲ್ಲಿ ಎರಡು ದಿನ ಬಿಸಿಲು ಬಿದ್ದಾಗ ನಾನು ಬಕೆಟ್ಟು ಹಿಡಿದು ಹೋಗಿ ಹೊಸ ಅಂಚಿಗೆ ಹೊಸ ಗೆರೆ ಎಳೆದೆ. ಜಲ್ಲಿಯ ಮೇಲೆ ಸುಣ್ಣ ನಿಲ್ಲಲಿಲ್ಲ, ಮಂಕಾಗಿಯೇ ಉಳಿಯಿತು. ಹಳೆಯ ಗೆರೆ ಮಾತ್ರ ಟಾರಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಅದು ನೇರ ಹೋಗಿ, ಜರಿದ ಅಂಚಿನಲ್ಲಿ ಕತ್ತರಿಸಿದ ಹಾಗೆ ನಿಂತಿತ್ತು. ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು, ಅರ್ಧ ದಿನದ ಕೆಲಸ. ನಾಳೆ ಉಜ್ಜಿದರಾಯಿತು ಎಂದುಕೊಂಡೆ. ಜರಿದ ತಿರುವು ಯಾರಿಗೆ ಗೊತ್ತಿಲ್ಲ? ಅಲ್ಲಿ ಬಲಕ್ಕೆ ಹೊರಳಬೇಕು, ಹೊರಳುವ ಮೊದಲು ಎರಡು ಹಾರ್ನ್ ಹಾಕಬೇಕು ಎಂದು ಎಸ್ಟೇಟಿನ ನಾಯಿಗೂ ಗೊತ್ತು. ಅಡ್ಡ ಇಟ್ಟಿದ್ದ ಎರಡು ಡ್ರಮ್ಮುಗಳನ್ನು ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವುದಕ್ಕೆಂದು ಆಳುಗಳು ಒಯ್ದರು. ಕಟ್ಟಿದ್ದ ಬಿದಿರು ಗಾಳಿಗೆ ಬಿತ್ತು. ಯಾರೂ ಎತ್ತಿ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ.

ನಮ್ಮ ಎಸ್ಟೇಟಿನ ಧಣಿ ಗೌಡರು ಹೊಸ ಕಾರು ತಂದದ್ದು ಅದೇ ಸುಮಾರಿಗೆ. ಮುಂದಿನ ಗಾಜಿನ ಒಳಗೆ ಕ್ಯಾಮೆರಾ, ಮೂತಿಯಲ್ಲಿ ರಾಡಾರ್. ಮುಂದೆ ದನವೋ ಜನವೋ ಬಂದರೆ ತಾನೇ ಬ್ರೇಕ್ ಹಾಕುತ್ತದೆ, ಹೆದ್ದಾರಿಯಲ್ಲಿ ಗೆರೆ ಬಿಟ್ಟು ಸರಿದರೆ ಸ್ಟೇರಿಂಗನ್ನು ತಾನೇ ತಿದ್ದುತ್ತದೆ. ಅಷ್ಟು ದುಡ್ಡು ಸುರಿದು ಅದನ್ನೇ ತಂದದ್ದು ಅಮ್ಮಾವ್ರಿಗಾಗಿ. ಗೌಡರ ಹೆಂಡತಿ, ಐವತ್ತೆರಡು ವರ್ಷ, ಆಗಷ್ಟೇ ಡ್ರೈವಿಂಗ್ ಕಲಿಯಬೇಕೆಂದು ಹಟ ಹಿಡಿದಿದ್ದರು. ಅವರ ತವರು ಕಳಸ. ಮದುವೆಯಾಗಿ ಬಂದಾಗಿನಿಂದ ತವರಿಗೆ ಹೋಗಬೇಕೆಂದರೆ ಡ್ರೈವರ್ ಖಾಲಿ ಇರಬೇಕು. ಕೊಯ್ಲಿನಲ್ಲಿ ಖಾಲಿಯಿಲ್ಲ, ಸಿಂಪಡಣೆಯಲ್ಲಿ ಖಾಲಿಯಿಲ್ಲ, ಪಾರ್ಚ್‌ಮೆಂಟ್ ಕಾಫಿ ಹೇರಿಕೊಂಡು ಚಿಕ್ಕಮಗಳೂರಿಗೆ ಹೋದರೆ ಎರಡು ದಿನ ಇಲ್ಲ. ಕಳೆದ ಹತ್ತೊಂಬತ್ತು ವರ್ಷ ಅವರು ಕಾದ ಆ ಡ್ರೈವರ್ ನಾನೇ.

"ಡ್ರೈವರ್ ಖಾಲಿ ಇದಾನಾ ಅಂತ ಕೇಳ್ದೆ ಒಂದು ಸಲ ಕಳಸಕ್ಕೆ ಹೋಗ್ಬೇಕು ಮಾರಾಯ, ಅಷ್ಟೇ ನಂಗೆ," ಎಂದು ಮೊದಲ ದಿನ ಸೀಟಿನಲ್ಲಿ ಕೂತಾಗ ಹೇಳಿದ್ದರು.

ಕಲಿಸಿದ್ದು ನಾನು. ಅವರಿಗೆ ಇದ್ದ ದೊಡ್ಡ ಚಾಳಿಯೆಂದರೆ ಸ್ಟೇರಿಂಗನ್ನು ಬೆರಳು ಬೆಳ್ಳಗಾಗುವ ಹಾಗೆ ಹಿಡಿಯುವುದು. ಅದನ್ನು ಬಿಡಿಸಲು ಮೂರು ವಾರ ಬೇಕಾಯಿತು. ಸ್ಟೇರಿಂಗ್ ಜೊತೆ ಕುಸ್ತಿ ಮಾಡಬೇಡಿ, ಅದು ತಿರುಗುವಾಗ ಕೈಯಲ್ಲೇ ತಿಳಿಯುತ್ತದೆ, ಬಿಟ್ಟುಕೊಡಿ ಎಂದು ದಿನಾ ಹೇಳಿದೆ. ಎಡಗಡೆಯ ಬಿಳಿ ಗೆರೆ ಮೇಲೆ ಕಣ್ಣಿಡಿ ಎಂದೂ ಹೇಳಿದೆ. ಎರಡೂ ಒಳ್ಳೆಯ ಪಾಠಗಳೇ. ಒಟ್ಟಿಗೆ ಸೇರಿ ಏನು ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಗೌಡರ ಫೋನಿಗೆ ಕಾರಿನ ಕಂಪನಿಯಿಂದ ಸಂದೇಶ ಬಂತು, ಹೊಸ ಸಾಫ್ಟ್‌ವೇರ್ ತಯಾರಿದೆ, ಹಾಕಿಕೊಳ್ಳಬಹುದೇ ಎಂದು. ಅವರು ಕಾಫಿ ಕುಡಿಯುತ್ತಲೇ ಒಪ್ಪಿಗೆ ಒತ್ತಿದರು. ಕಾರು ಷೆಡ್ಡಿನಲ್ಲೇ ನಿಂತು ಬಂಗಲೆಯ ವೈಫೈಯಿಂದ ಅರ್ಧ ಗಂಟೆ ಏನೇನೋ ಇಳಿಸಿಕೊಂಡಿತು. ಆಮೇಲೆ ನೋಡಿದರೆ ಪರದೆಯ ಮೇಲೆ ಹೊಸ ಚಿತ್ರ, ಎರಡು ಗೆರೆಗಳ ನಡುವೆ ಒಂದು ಪುಟ್ಟ ಕಾರು. ಪುಕ್ಕಟೆ ಸಾಮಾನು ಸಿಕ್ಕವರ ಹಾಗೆ ಗೌಡರು ಹಿಗ್ಗಿದರು, ಗಾಡಿಗೆ ಬುದ್ಧಿ ಬೆಳೆದಿದೆ ಎಂದರು. ನನ್ನ ಕಣ್ಣಿಗೆ ಬಿದ್ದದ್ದು ಒಂದೇ. ಮೊದಲು ಗೆರೆ ಹಿಡಿಯುವುದನ್ನು ಆಫ್ ಮಾಡಲು ಸ್ಟೇರಿಂಗಿನ ಮೇಲೆ ಒಂದು ಬಟನ್ ಇತ್ತು. ಈಗ ಅದನ್ನು ಒತ್ತಿದರೆ ಬೇರೇನೋ ಆಗುತ್ತಿತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆ ಗೆರೆಯ ಕೆಲಸ ಅರವತ್ತರ ಮೇಲಿನ ವೇಗಕ್ಕೆ ಮಾತ್ರ ಎಂದು ಶೋರೂಮಿನಲ್ಲಿ ಹೇಳಿದ್ದರು. ನಮ್ಮ ರಸ್ತೆಯಲ್ಲಿ ಅರವತ್ತು ಓಡಿಸುವವನು ಇನ್ನೂ ಹುಟ್ಟಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಮ್ಮಾವ್ರು ಗಾಡಿ ತೆಗೆದರು. ತೆಳು ಮಂಜು, ಹತ್ತು ಮಾರು ಕಾಣುವಷ್ಟು. ನಾನು ಪಕ್ಕದ ಸೀಟಿನಲ್ಲಿ, ಅಂದರೆ ಎಡಕ್ಕೆ, ಹಳ್ಳದ ಕಡೆಗೆ. ಮೂರು ತಿರುವು ಚೆನ್ನಾಗಿಯೇ ಇಳಿಸಿದರು. ಬಾಯಿ ತುಂಬ ಹೊಗಳಿದೆ. ನಾಲ್ಕನೆಯದು ಬರುವಾಗ ಎರಡು ಹಾರ್ನ್ ಹಾಕಿದರು. ವೇಗ ಇಪ್ಪತ್ತೆರಡೋ ಇಪ್ಪತ್ತಮೂರೋ ಇತ್ತು.

ಅವರ ಕೈ ಬಲಕ್ಕೆ ತಿರುಗಿದ್ದನ್ನು ನೋಡಿದೆ. ತಿರುಗಿದ ಸ್ಟೇರಿಂಗ್ ಮೆಲ್ಲಗೆ ವಾಪಸ್ಸು ನೇರವಾದದ್ದನ್ನೂ ನೋಡಿದೆ. ಅವರು ನಾನು ಕಲಿಸಿದ ಹಾಗೆ ಬಿಟ್ಟುಕೊಟ್ಟರು. ಅದು ಇನ್ನೂ ಒಂಚೂರು ಎಡಕ್ಕೆ ಹೊರಳಿತು. ನನ್ನ ಕಿಟಕಿಯ ಕೆಳಗೆ ಹಳೆಯ ಗೆರೆ ಬೆಳ್ಳಗೆ ಓಡುತ್ತಿತ್ತು. ಮುಂದೆ ಏನಾದರೂ ಇದ್ದರೆ ಗಾಡಿ ಬ್ರೇಕ್ ಹಾಕುತ್ತದೆ ಎಂದು ಹೇಳಿದ್ದರು. ಮುಂದೆ ಏನೂ ಇರಲಿಲ್ಲ, ನೆಲವೂ ಇರಲಿಲ್ಲ.

ಬಲಗೈಯಿಂದ ಸ್ಟೇರಿಂಗ್ ಹಿಡಿದು ಎಳೆದೆ. ಅದು ಬರಲಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಯಾರೋ ಹಿಡಿದು ನಿಂತ ಹಾಗಿತ್ತು. ಎಡಗೈಗೆ ಪಾರ್ಕಿಂಗ್ ಬ್ರೇಕಿನ ಸ್ವಿಚ್ಚು ಸಿಕ್ಕಿತು. ಅದನ್ನು ಮೇಲೆತ್ತಿ ಹಿಡಿದೆ. ಹಿಡಿದೇ ಇದ್ದರೆ ಓಡುವ ಗಾಡಿಯೂ ನಿಲ್ಲುತ್ತದೆಂದು ಕಾರು ತಂದ ದಿನ ನಾನೇ ಪರೀಕ್ಷಿಸಿ ನೋಡಿದ್ದೆ. ಗಾಡಿ ಮುಗ್ಗರಿಸಿ ನಿಂತಿತು. ನಿಂತ ಮೇಲೆ ಎಡಗಡೆ ಮುಂದಿನ ಮೂಲೆ ಮೆತ್ತಗೆ ನಾಲ್ಕು ಬೆರಳಷ್ಟು ಕೆಳಗೆ ಕೂತಿತು. ಕಲ್ಲುಗಳು ಉರುಳುವ ಸದ್ದು ಕೇಳಿಸಿತು, ತಳ ಮುಟ್ಟಿದ ಸದ್ದು ಕೇಳಿಸಲಿಲ್ಲ.

ಅಮ್ಮಾವ್ರಿಗೆ ಬೆಲ್ಟ್ ಬಿಚ್ಚಿ ಇಳಿಯಿರಿ, ಬಾಗಿಲು ಮೆಲ್ಲಗೆ ತೆಗೆಯಿರಿ ಎಂದು ಹೇಗೆ ಹೇಳಿದೆನೋ ತಿಳಿಯದು. ಅವರು ಇಳಿದಾಗ ಗಾಡಿ ಇನ್ನೊಂದು ಬೆರಳು ಕೂತಿತು. ನನ್ನ ಕಡೆಯ ಬಾಗಿಲಾಚೆ ಬರೀ ಮಂಜು. ಉಸಿರು ಹಿಡಿದು, ಗೇರಿನ ಮೇಲಿಂದ ತೆವಳಿ, ಅವರ ಸೀಟಿನ ಮೂಲಕ ಹೊರಗೆ ಬಿದ್ದೆ. ಅಮ್ಮಾವ್ರು ಜಲ್ಲಿಯ ಮೇಲೆ ಕೂತು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು.

ಜೀಪು ತಂದು ಹಗ್ಗ ಕಟ್ಟಿ ಕಾರನ್ನು ಹಿಂದಕ್ಕೆಳೆದರು. ಗೌಡರು ಮೊದಲು ಹೆಂಡತಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಕಣ್ಣು ಎಲ್ಲಿತ್ತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮಾವ್ರು ಹೇಳಿದರು: "ಅವ್ನನ್ನ ಬೈಬೇಡಿ. ನಾನೇ ಹೆದರ್ಕೊಂಡು ಎಡಕ್ಕೆ ಎಳ್ದೆ ಕಾಣ್ತದೆ."

ಅದು ಸುಳ್ಳೆಂದು ನನ್ನ ಬಲಗೈಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಗಾಡಿ ತಾನೇ ಎಡಕ್ಕೆ ಹೋಯಿತು ಎಂದರೆ ಎಲ್ಲರೂ ಎಡಕ್ಕೆ ನೋಡುತ್ತಾರೆ. ಅಲ್ಲಿ ನಾನು ಉಜ್ಜದೆ ಬಿಟ್ಟ ಗೆರೆ ಬಿದ್ದುಕೊಂಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಗೆರೆಯ ಮೇಲೆ ಎರಡೂ ಕಾಲಿಟ್ಟು, ಅದನ್ನು ಚಪ್ಪಲಿಯಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಎರಡು ಚಪ್ಪಲಿಗೆ ಎಷ್ಟು ಮುಚ್ಚಲಾದೀತು? ಆದರೆ ಆ ಮಂಜಿನಲ್ಲಿ, ಆ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ. ಅಥವಾ ದಿನಾ ನೋಡುವ ಗೆರೆಯಾದ್ದರಿಂದ ಯಾರ ಕಣ್ಣಿಗೂ ಅದು ಬೀಳಲಿಲ್ಲ.

ಮಾರನೆಯ ದಿನ ಗೌಡರೂ ನಾನೂ ಕಾರನ್ನು ಚಿಕ್ಕಮಗಳೂರಿನ ವರ್ಕ್‌ಶಾಪಿಗೆ ಒಯ್ದೆವು. ಸರ್ವಿಸ್ ಇಂಜಿನಿಯರ್ ಲ್ಯಾಪ್‌ಟಾಪ್ ಜೋಡಿಸಿದರು. ಮುಂದೆ ಕಪ್ಪುಬಿಳಿ ಚೌಕಗಳ ಹಲಗೆ ನಿಲ್ಲಿಸಿ ಕ್ಯಾಮೆರಾ ನೇರವಿದೆಯೇ ನೋಡಿದರು, ಚಕ್ರದ ಅಲೈನ್‌ಮೆಂಟ್ ನೋಡಿದರು, ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ಓಡಿಸಿಕೊಂಡು ಬಂದರು. ಎಲ್ಲ ಸರಿಯಿತ್ತು. ಗಾಡಿ ಬರೆದಿಟ್ಟುಕೊಂಡ ಲೆಕ್ಕದ ಪ್ರಕಾರ ಆ ಹೊತ್ತಿಗೆ ಸ್ಟೇರಿಂಗಿನ ಮೇಲೆ ಕೈ ಇತ್ತು, ಸ್ಟೇರಿಂಗ್ ಎಡಕ್ಕೆ ತಿರುಗಿದೆ, ತಿರುಗಿಸಿದ್ದು ಯಾರೆಂದು ಬರೆದಿಲ್ಲ, ಬ್ರೇಕಿನ ಮೇಲೆ ಕಾಲಿಟ್ಟಿಲ್ಲ. ಗಾಡಿಯಲ್ಲಿ ದೋಷವಿಲ್ಲ, ಓಡಿಸುವವರು ಇನ್ನಷ್ಟು ಅಭ್ಯಾಸ ಮಾಡಲಿ ಎಂದು ಅವರು ನಯವಾಗಿ ಹೇಳಿದರು. ಹಿಂತಿರುಗುವಾಗ ಮೂಡಿಗೆರೆಯಲ್ಲಿ ಗೌಡರು ಗಾಡಿ ನಿಲ್ಲಿಸು ಎಂದರು, ಕನ್ನಡಕದ ಅಂಗಡಿಗೆ ಕರೆದೊಯ್ದು ನನ್ನ ಕಣ್ಣು ಪರೀಕ್ಷೆ ಮಾಡಿಸಿದರು. ಕೊನೆಯ ಸಾಲಿನ ಇರುವೆಯಷ್ಟು ಅಕ್ಷರವನ್ನೂ ಓದಿದೆ. ಅದರಿಂದ ಅವರಿಗೇನೂ ಸಮಾಧಾನವಾದಂತೆ ಕಾಣಲಿಲ್ಲ.

ಹಾಗಾಗಿ ತಪ್ಪು ಅಮ್ಮಾವ್ರ ತಲೆಗೇ ಉಳಿಯಿತು. ಅವರು ಹೆದರಿ ಕಲಿಯುವುದನ್ನೇ ಬಿಟ್ಟುಬಿಡುತ್ತಾರೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವರು ಬಿಡುವವರಲ್ಲ. ಶುಕ್ರವಾರ ಷೆಡ್ಡಿಗೆ ಬಂದು, ಸೋಮವಾರ ಒಬ್ಬಳೇ ಕಳಸಕ್ಕೆ ಹೋಗುತ್ತೇನೆ, ಅಣ್ಣನಿಗೆ ಫೋನ್ ಮಾಡಿ ಹೇಳಿಯಾಗಿದೆ ಎಂದರು. ಆಮೇಲೆ ನಿಂತ ಗಾಡಿಯಲ್ಲಿ ಕೂತು, ಸ್ಟೇರಿಂಗನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದರು.

"ಭಯ ಕೂತ್ಬಿಟ್ರೆ ಮತ್ತೆ ಏಳಲ್ಲ. ನೋಡು, ನೀನು ಹೇಳಿದ್ ಹಾಗೇ ಸಡಿಲ ಹಿಡಿತೀನಿ. ಅವತ್ತು ಬಿಗಿ ಹಿಡ್ದಿದ್ದಕ್ಕೇ ಹಂಗಾಯ್ತು."

ಸೋಮವಾರ ಅವರು ಒಬ್ಬರೇ, ಪಕ್ಕದಲ್ಲಿ ಸ್ವಿಚ್ಚು ಎತ್ತಲು ಯಾರೂ ಇಲ್ಲದೆ, ಅದೇ ತಿರುವಿಗೆ ಬರುತ್ತಾರೆ. ಬೆರಳ ತುದಿಯಲ್ಲಿ ಸ್ಟೇರಿಂಗ್ ಹಿಡಿದು ಬರುತ್ತಾರೆ. ಹೇಳಿಬಿಡಬೇಕೆಂದು ಬಾಯಿಯವರೆಗೆ ಬಂತು. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಎಸ್ಟೇಟಿನ ಮನೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಗೆರೆ ಎಳೆಯುವವನು ಎಂಬ ಹೆಸರು ಹೋಗುತ್ತದೆ. ಹೂಂ ಅಮ್ಮ ಎಂದಷ್ಟೇ ಹೇಳಿ ಗಾಜು ಒರೆಸುತ್ತ ನಿಂತೆ.

ಶನಿವಾರ ಎಸ್ಟೇಟ್ ಆಫೀಸಿಗೆ ಹೋಗಿ ರೈಟರ್ ಹತ್ತಿರ, ಕಂಪನಿಯವರು ಈ ಅಪ್‌ಡೇಟಿನಲ್ಲಿ ಏನು ಬದಲಾಯಿಸಿದ್ದಾರೆಂದು ಬರೆದಿರುತ್ತಾರಂತಲ್ಲ, ಓದಿ ಹೇಳಿ ಎಂದು ಕೇಳಿಕೊಂಡೆ. ರೈಟರ್ ಲೆಕ್ಕದ ಪುಸ್ತಕ ಮುಚ್ಚಿಟ್ಟು ತಮ್ಮ ಫೋನಿನಲ್ಲಿ ಹುಡುಕಿದರು. ಇಂಗ್ಲಿಷಿನಲ್ಲಿ ಆರು ಸಾಲು ಇತ್ತು. ಮೂರು ಹಾಡು ಕೇಳುವುದರ ಬಗ್ಗೆ, ಒಂದು ನಕಾಶೆಯ ಬಗ್ಗೆ. ಐದನೆಯದನ್ನು ಅವರು ಎರಡು ಸಲ ಓದಿ ಕನ್ನಡಕ್ಕೆ ತಿರುಗಿಸಿದರು. ಗೆರೆ ಹಿಡಿಯುವ ಸಹಾಯ ಇನ್ನು ಮುಂದೆ ಇಪ್ಪತ್ತರ ವೇಗದಿಂದಲೇ ಶುರುವಾಗುತ್ತದೆ. ಗೆರೆ ಒಂದೇ ಪಕ್ಕದಲ್ಲಿದ್ದರೂ ಸಾಕು. ಆರನೆಯದು, ಪ್ರತಿ ಸಲ ಗಾಡಿ ಶುರು ಮಾಡಿದಾಗ ಅದು ತಾನಾಗಿಯೇ ಚಾಲೂ ಇರುತ್ತದೆ.

ಭಾನುವಾರ ಬೆಳಕು ಹರಿಯುತ್ತಲೇ ತಂತಿ ಬ್ರಷ್ಷು, ನೀರಿನ ಬಕೆಟ್ಟು ಹಿಡಿದು ಜರಿದ ತಿರುವಿಗೆ ನಡೆದೆ. ನನ್ನ ಯೋಚನೆ ಸುಲಭದ್ದು. ಗೆರೆ ಉಜ್ಜಿಬಿಟ್ಟರೆ ಗಾಡಿಗೆ ಹಿಡಿಯಲು ಏನೂ ಇರುವುದಿಲ್ಲ, ಅಮ್ಮಾವ್ರು ಕ್ಷೇಮವಾಗಿ ಹೋಗಿಬರುತ್ತಾರೆ, ನನ್ನ ಮಾನವೂ ಉಳಿಯುತ್ತದೆ. ಉಜ್ಜುವ ಮೊದಲು ರಸ್ತೆಯ ನಡುವೆ ಮಂಡಿ ಮಡಿಸಿ, ಕ್ಯಾಮೆರಾ ಇರುವ ಎತ್ತರಕ್ಕೆ ತಲೆ ತಂದು ನೋಡಿದೆ. ಜಲ್ಲಿಯ ಮೇಲಿನ ಹೊಸ ಗೆರೆ ಕಾಣುವುದೇ ಇಲ್ಲ. ಹಳೆಯದು ಮಾತ್ರ ಇಬ್ಬನಿಗೆ ಇನ್ನೂ ಕಪ್ಪಾದ ಟಾರಿನ ಮೇಲೆ ಹೊಳೆಯುತ್ತ, ಇಲ್ಲಿ ಬಾ ಎಂದು ನೇರವಾಗಿ ಕರೆಯುತ್ತಿತ್ತು. ನಮ್ಮವರು ಆ ಗೆರೆ ನೋಡಿದರೆ ಅದರಿಂದ ದೂರ ಹೋಗುತ್ತಾರೆ. ಗಾಡಿ ಅದನ್ನು ನೋಡಿ ಅದರ ಜೊತೆಗೇ ಹೋಗುತ್ತದೆ.

ಬ್ರಷ್ಷು ಹಚ್ಚಿ ಒಂದು ಗೇಣು ಉಜ್ಜಿದೆ, ಬಿಳಿ ನೀರು ಹರಿಯಿತು. ಇನ್ನೊಂದು ಗೇಣು ಉಜ್ಜುವಷ್ಟರಲ್ಲಿ ಕೈ ನಿಂತಿತು. ಇದನ್ನು ಉಜ್ಜಿಬಿಟ್ಟರೆ ಬುಧವಾರ ಆದದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ. ಅಮ್ಮಾವ್ರು ಸಾಯುವವರೆಗೆ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ, ಇನ್ನಷ್ಟು ಸಡಿಲ ಹಿಡಿಯುತ್ತಾರೆ. ಮತ್ತೆ ಗೆರೆ ಇದೊಂದೇ ಅಲ್ಲ. ಎಲ್ಲೋ ಸುಣ್ಣದ ಚೀಲ ಹರಿದು ಪಿಕಪ್ಪಿನ ಹಿಂದೆ ಉದ್ದಕ್ಕೆ ಸುರಿದಿರುತ್ತದೆ. ಕಳಸದ ರಸ್ತೆಯ ಯಾವ ತಿರುವಿನಲ್ಲಿ ಎಂಥ ಗೆರೆ ಬಿದ್ದಿದೆಯೋ, ನಾನು ಎಲ್ಲಿಗೆಂದು ಬ್ರಷ್ಷು ಹಿಡಿದು ಹೋಗಲಿ? ಅಲ್ಲಿ ಕೂತಲ್ಲೇ ಅಳು ಬಂತು, ಅತ್ತೆ. ಆಮೇಲೆ ಬಕೆಟ್ಟನ್ನು ಅಲ್ಲೇ ಬಿಟ್ಟು ಬಂಗಲೆಗೆ ಹತ್ತಿದೆ.

ಗೌಡರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಎಲ್ಲ ಹೇಳಿದೆ. ಗಾಡಿ ಎಳೆದದ್ದು, ನನ್ನ ಕೈಗೆ ಅದು ತಿಳಿದದ್ದು, ಗೆರೆ ಉಜ್ಜದೆ ಬಿಟ್ಟದ್ದು, ಚಪ್ಪಲಿಯಲ್ಲಿ ಮುಚ್ಚಿದ್ದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾಲ್ಕು ದಿನ ಬಾಯಿಗೆ ಎಂತ ಇಟ್ಕೊಂಡಿದ್ದೆ?"

ಅಮ್ಮಾವ್ರು ಬಾಗಿಲಲ್ಲಿ ನಿಂತಿದ್ದರು, ಯಾವಾಗ ಬಂದರೋ ನೋಡಿರಲಿಲ್ಲ. ಗೌಡರು ನನ್ನ ಮಾತನ್ನು ಪೂರ್ತಿ ನಂಬಲೂ ಇಲ್ಲ. ನಿನ್ನ ತಪ್ಪು ಮುಚ್ಚಲು ಗಾಡಿಯ ಮೇಲೆ ಹಾಕುತ್ತಿದ್ದೀಯಾ ಎಂದರು, ವರ್ಕ್‌ಶಾಪಿನವರಿಗಿಂತ ನಿನಗೆ ಹೆಚ್ಚು ಗೊತ್ತೇ ಎಂದರು. ಪರೀಕ್ಷೆ ಮಾಡಿ ತೋರಿಸಲು ನಾನು ಕಾಫಿ ಒಣಗಿಸುವ ಕಣ ಕೇಳಿದೆ. ಕೊಯ್ಲು ಶುರುವಾಗಲು ಇನ್ನೂ ತಿಂಗಳಿತ್ತು, ಸಿಮೆಂಟಿನ ಕಣ ಖಾಲಿ ಬಿದ್ದಿತ್ತು. ಅಲ್ಲಿ ಹಳ್ಳವಿಲ್ಲ. ಗೆರೆ ನಾನು ಎಳೆಯುತ್ತೇನೆ, ಗಾಡಿ ನೀವೇ ಓಡಿಸಿ ಎಂದೆ.

ಮೇಸ್ತ್ರಿಯೂ ನಾನೂ ಜರಿದ ತಿರುವನ್ನು ಹಗ್ಗದಿಂದ ಅಳೆದುಕೊಂಡು ಬಂದೆವು. ಕಣದ ಉದ್ದಕ್ಕೆ ಹಳೆಯ ಗೆರೆಯನ್ನು ಗಟ್ಟಿ ಸುಣ್ಣದಲ್ಲಿ ನೇರವಾಗಿ ಎಳೆದೆ. ಬಲಕ್ಕೆ ಹೊರಳುವ ಹೊಸ ಗೆರೆಯನ್ನು ನೀರು ಸುಣ್ಣದಲ್ಲಿ ಎಳೆದೆ. ಅಂಚು ಜರಿದ ಜಾಗಕ್ಕೆ ಅಡ್ಡಲಾಗಿ ಒಂದು ಹಗ್ಗವನ್ನು ನೆಲದ ಮೇಲೆ ಹಾಸಿದೆವು. ಮೇಸ್ತ್ರಿ ಅಲ್ಲಿ ಹೊಟ್ಟು ತುಂಬಿದ ಚೀಲ ನಿಲ್ಲಿಸೋಣ ಎಂದ. ಬೇಡ, ಚೀಲ ಕಂಡರೆ ಗಾಡಿ ಬ್ರೇಕ್ ಹಾಕುತ್ತದೆ, ಅಲ್ಲಿ ಏನೂ ಇರಬಾರದು ಎಂದೆ. ಹಗ್ಗ ದಾಟಿದರೆ ಹಳ್ಳ ಎಂದು ಎಲ್ಲರೂ ತಿಳಿದುಕೊಂಡೆವು.

ಮೊದಲ ಸಲ ಗೌಡರು ಇಪ್ಪತ್ತೆರಡರಲ್ಲಿ ಬಂದು, ಬಲಕ್ಕೆ ತಿರುಗಿಸಿ, ಸಲೀಸಾಗಿ ಹೊಸ ಗೆರೆಯ ಜೊತೆ ಹೋದರು. ಎರಡನೆಯ ಸಲವೂ ಹಾಗೇ. ಗಾಜು ಇಳಿಸಿ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಾನು ಹೇಳಿದ್ದೆಲ್ಲ ಸುಳ್ಳಾದರೆ ನಾಳೆ ಬೆಳಿಗ್ಗೆ ಅಮ್ಮಾವ್ರು ಹೋಗಿಯೇ ಹೋಗುತ್ತಾರೆ. ಕಾರಿನ ಪರದೆ ನೋಡಿದೆ, ಪುಟ್ಟ ಕಾರಿನ ಪಕ್ಕದಲ್ಲಿ ಗೆರೆಯೇ ಮೂಡಿರಲಿಲ್ಲ. ಒಣಗಿದ ಸಿಮೆಂಟು ಬೆಳ್ಳಗೆ, ಸುಣ್ಣವೂ ಬೆಳ್ಳಗೆ. ಕ್ಯಾಮೆರಾಕ್ಕೆ ಎರಡೂ ಒಂದೇ. ಟಾರಿನ ಹಾಗೆ ನೆಲ ಕಪ್ಪಾಗಬೇಕಿತ್ತು. ಪೈಪು ಹಚ್ಚಿ ಗೆರೆಯ ಎರಡೂ ಪಕ್ಕ ಕಣವನ್ನು ಒದ್ದೆ ಮಾಡಿದೆ, ಗೆರೆಗೆ ಮತ್ತೊಂದು ಕೈ ಸುಣ್ಣ ಕೊಟ್ಟೆ.

ಮೂರನೆಯ ಸಲ ಗೌಡರು ಬಂದರು. ಅಮ್ಮಾವ್ರು ಹಿಡಿಯುವ ಹಾಗೆ ಸಡಿಲ ಹಿಡಿಯಿರಿ ಎಂದು ಹೇಳಿ ಕಳಿಸಿದ್ದೆ. ತಿರುವು ಬಂದಾಗ ಗಾಡಿ ಬಲಕ್ಕೆ ಒಂದಿಷ್ಟು ವಾಲಿದ್ದು, ಮತ್ತೆ ನೇರವಾದದ್ದು, ಗಟ್ಟಿ ಸುಣ್ಣದ ಗೆರೆಗೆ ಪಕ್ಕ ಕೊಟ್ಟು ಓಡಿದ್ದು ಎಲ್ಲರಿಗೂ ಕಂಡಿತು. ಗೌಡರ ಬಾಯಿ ತೆರೆದುಕೊಂಡಿತ್ತು. ಎಡ ಮುಂದಿನ ಚಕ್ರ ಹಗ್ಗ ದಾಟಿತು. ಬಲದ್ದೂ ದಾಟಿತು. ಹಿಂದಿನ ಎರಡೂ ದಾಟಿದ ಮೇಲೆ ಅವರ ಕಾಲು ಬ್ರೇಕಿಗೆ ಹೋಯಿತು.

ಗೌಡರು ಇಳಿದು ಹಗ್ಗದ ಹತ್ತಿರ ಬಂದು, ಅದರಿಂದ ಕಾರಿನವರೆಗೆ ಹೆಜ್ಜೆ ಹಾಕಿ ಅಳೆದರು. ಫೋನ್ ಕೊಟ್ಟು ಇನ್ನೊಂದು ಸಲ ಆಗುವುದನ್ನು ವಿಡಿಯೋ ಮಾಡು ಎಂದರು. ಅಮ್ಮಾವ್ರು ಕಣದ ಕಟ್ಟೆಯ ಮೇಲೆ ಕೂತಿದ್ದವರು ಎದ್ದು ಬಂದರು.

"ಹಂಗಾದ್ರೆ ಅವತ್ತು ಎಳ್ದಿದ್ದು ನನ್ನ ಕೈ ಅಲ್ಲ," ಎಂದರು.

ಅಲ್ಲ ಅಮ್ಮ, ಎಂದೆ.

"ನಂಗೆ ಗಾಡಿ ಮೇಲೆ ಸಿಟ್ಟಿಲ್ಲ. ಗಾಡಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು."

ಗೌಡರು ಆಮೇಲೆ ಅರ್ಧ ಗಂಟೆ ಬೈದರು, ಅದೊಂದೂ ನನಗೆ ನೆನಪಿಲ್ಲ.

ಕೆಲಸ ಹೋಗಲಿಲ್ಲ. ಸೋಮವಾರದ ಪ್ರಯಾಣ ನಿಂತಿತು. ವಿಡಿಯೋ ನೋಡಿದ ಸರ್ವಿಸ್ ಇಂಜಿನಿಯರ್ ಪಾಪ ಗಾಬರಿಯಾಗಿ ಮೇಲಿನವರಿಗೆ ಕಳಿಸಿದರು. ಕಂಪನಿಯಿಂದ ಉತ್ತರವೂ ಬಂತು. ಗಮನಕ್ಕೆ ತೆಗೆದುಕೊಂಡಿದ್ದೇವೆ, ಈ ಸೌಲಭ್ಯ ಇಂಥ ರಸ್ತೆಗಳಿಗಲ್ಲ, ಸದಾ ಎಚ್ಚರದಿಂದಿರಿ ಎಂದು. ಹಳೆಯ ಸಾಫ್ಟ್‌ವೇರಿಗೆ ವಾಪಸ್ಸು ಹೋಗಲು ಬರುವುದಿಲ್ಲವಂತೆ. ಪ್ರತಿ ಸಲ ಗಾಡಿ ಶುರು ಮಾಡಿದಾಗ ಪರದೆಯಲ್ಲಿ ಮೂರು ಕಡೆ ಒತ್ತಿ ಅದನ್ನು ಆಫ್ ಮಾಡಬೇಕು. ನಾನು ಹಳೆಯ ಗೆರೆಯನ್ನು ಬೇರುಸಹಿತ ಉಜ್ಜಿದೆ, ಜರಿದ ಅಂಚಿಗೆ ಸೊಂಟದೆತ್ತರ ಕಲ್ಲು ಪೇರಿಸಿದೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಮೇಸ್ತ್ರಿ ಕಿಚಾಯಿಸಿದ, ಕಿಚಾಯಿಸಲಿ ಬಿಡಿ. ಅಮ್ಮಾವ್ರು ಕಲಿಯುವುದನ್ನು ಮುಂದುವರಿಸಿದರು. ನಾನು ಪಕ್ಕದಲ್ಲಿ ಕೂತು, ಮೂರು ವಾರ ಕ್ಷಮೆ ಕೇಳುವವನ ಹಾಗೆ, ಗಟ್ಟಿ ಹಿಡಿಯಿರಿ, ಅದು ತಿರುಗಿಸಿದರೆ ಬಿಟ್ಟುಕೊಡಬೇಡಿ ಎಂದು ಹಳೆಯ ಪಾಠವನ್ನು ತಿರುವಿ ಹಾಕಿದೆ. ಅವರು ಹೂಂ ಎಂಬುದು ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ.

ನವೆಂಬರ್ ಕೊನೆಗೆ, ಅರೇಬಿಕಾ ಕೊಯ್ಲು ಶುರುವಾದ ವಾರ, ಇನ್ನೊಂದು ಅಪ್‌ಡೇಟ್ ಬಂತು. ಈ ಸಲ ಗೌಡರು ಯಾರನ್ನೂ ಕೇಳದೆ ಒತ್ತಲಿಲ್ಲ. ಹಾಕದೆ ಬಿಟ್ಟರೆ ಹಳೆಯ ದೋಷ ಉಳಿಯುತ್ತದೆ, ಹಾಕಿದರೆ ಹೊಸದು ಯಾವುದು ಬರುತ್ತದೋ. ರೈಟರ್ ಓದಿದಾಗ ಅದರಲ್ಲಿ ಒಂದೇ ಸಾಲಿತ್ತು, ಸುಧಾರಣೆಗಳನ್ನು ಮಾಡಲಾಗಿದೆ ಎಂದು. ಎರಡು ದಿನ ಯೋಚಿಸಿ ಹಾಕಿದೆವು. ಮರುದಿನ ಬೆಳಿಗ್ಗೆ ಮೊದಲು ನಾನೊಬ್ಬನೇ ಇಳಿಸಿಕೊಂಡು ಹೋಗಿ ನೋಡುತ್ತೇನೆಂದು ಹೇಳಿದ್ದೆ. ಮನೆಯಲ್ಲಿ ಹೆಂಡತಿಗೆ ಹೇಳಲಿಲ್ಲ. ತಿಂಡಿ ಬಿಟ್ಟು ಎದ್ದೆ.

ಷೆಡ್ಡಿಗೆ ಬಂದರೆ ಮೊಳೆಯಲ್ಲಿ ಕೀ ಇರಲಿಲ್ಲ. ಅಮ್ಮಾವ್ರು ಆಗಲೇ ಸೀಟಿನಲ್ಲಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಬಟ್ಟೆಯ ಚೀಲ, ಒಂದು ಕಿತ್ತಳೆ ಬುಟ್ಟಿ. ಬೇಡ ಅಮ್ಮ, ಮೊದಲು ನಾನು ಹೋಗಿಬರುತ್ತೇನೆ ಎಂದೆ, ಬೇಡಿಕೊಂಡೆ.

"ನೀನು ಹೋಗಿ ನೋಡಿ ಸರಿ ಇದೆ ಅಂದ್ರೆ ನಾನು ನಂಬ್ಬೇಕಲ್ಲ. ನನ್ನ ಕೈಯೇ ನೋಡ್ಲಿ ಬಿಡು. ನೀನು ಕಲ್ಲಿನ ಹತ್ರ ನಿಂತ್ಕೊ."

ಒಳದಾರಿಯಲ್ಲಿ ಕಾಫಿ ಗಿಡಗಳ ನಡುವೆ ಓಡಿ, ಜಾರಿ, ಎದ್ದು, ಜರಿದ ತಿರುವಿಗೆ ಬಂದೆ. ಕಲ್ಲಿನ ಕಟ್ಟೆಗೆ ಬೆನ್ನು ಕೊಟ್ಟು, ಹಳೆಯ ಗೆರೆ ಕೊನೆಯಾಗುತ್ತಿದ್ದ ಜಾಗದಲ್ಲೇ ನಿಂತೆ. ಗಾಡಿ ಬಂದರೆ ಮೊದಲು ನನ್ನನ್ನು ಕಾಣಲಿ, ಬ್ರೇಕಾದರೂ ಹಾಕಲಿ ಎಂದು. ಮಂಜು ಅವತ್ತಿಗಿಂತ ದಟ್ಟವಾಗಿತ್ತು. ಮೂರನೆಯ ತಿರುವಿನಲ್ಲಿ ಟೈರು ಜಲ್ಲಿ ಅರೆಯುವ ಸದ್ದು ಬಂತು. ಎರಡು ಹಾರ್ನ್ ಕೇಳಿಸಿತು. ಎರಡು ಹಳದಿ ದೀಪ ಮೂಡಿ ನೇರ ನನ್ನ ಎದೆಗೆ ಬಂದವು.

ನಾನು ಕಣ್ಣು ಮುಚ್ಚಿದೆನೆಂದು ಕಾಣುತ್ತದೆ. ಮತ್ತೆ ತೆರೆದಾಗ ಬೆಳಕು ಗುಡ್ಡದ ಮೇಲಿತ್ತು. ಗಾಜಿನ ಒಳಗೆ ಅಮ್ಮಾವ್ರ ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ ಸ್ಟೇರಿಂಗ್ ಹಿಡಿದದ್ದು ಕಂಡಿತು. ಅವರು ನನ್ನ ಕಡೆ ನೋಡಲಿಲ್ಲ, ಗಾಡಿ ನಿಲ್ಲಿಸಲೂ ಇಲ್ಲ. ಹಿಂದಿನ ಕೆಂಪು ದೀಪ ಕೆಳಗಿನ ತಿರುವಿನಲ್ಲಿ ಮಾಯವಾದ ಮೇಲೆ ಕೆಳಗೆ ನೋಡಿಕೊಂಡೆ. ನನ್ನ ಖಾಲಿ ಕೈಗಳೆರಡೂ ಗಾಳಿಯನ್ನು ಗಟ್ಟಿಯಾಗಿ ಹಿಡಿದು ಬಲಕ್ಕೆ ತಿರುಗಿ ನಿಂತಿದ್ದವು. ಅಮ್ಮಾವ್ರು ತಲುಪಿದರೆಂದು ಮಧ್ಯಾಹ್ನ ಕಳಸದಿಂದ ಫೋನ್ ಬರುವವರೆಗೂ ನಾನು ಆ ಕಲ್ಲಿನ ಕಟ್ಟೆ ಬಿಟ್ಟು ಕದಲಲಿಲ್ಲ.